ಇಡುಗಂಟು ಬೇರೆ, ಪಿಂಚಣಿ ಬೇರೆ

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದು ಕೂತರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿಯ ಕಡೆಗೂ ಅದು ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಪ್ರಹಾರವಾಯಿತು, ಅಶ್ರುವಾಯು ಸಿಡಿಯಿತು. ಸಂಬಳ ಹೆಚ್ಚಿಸಿ ಎಂಬುದು ಅವರ ಬೇಡಿಕೆಯಾಗಿರಲಿಲ್ಲ. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟವರು ಪಿಎಫ್‌ನಲ್ಲಿ ತಮ್ಮ ಪಾಲು ಮತ್ತು ಅದರ ಬಡ್ಡಿಯನ್ನು ಮಾತ್ರ ಬಿಡಿಸಿಕೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು 58 ತುಂಬುವವರೆಗೆ ಕೈಗೆ ಸಿಗುವುದಿಲ್ಲ ಎಂದು ಅದು ಹೇಳಿತ್ತು. ಏಪ್ರಿಲ್ 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ಅಧಿಸೂಚನೆ ರದ್ದಾಯಿತೆಂದು ಪ್ರಕಟಿಸಿದರು.

ಆ ಹೆಣ್ಣುಮಕ್ಕಳ ನಿಲುವು ನೂರಕ್ಕೆ ನೂರು ಸರಿಯಾಗಿತ್ತು. ಮಾಲೀಕ ಕಟ್ಟುವ ಪಿಎಫ್ ಪಾಲು ದುಡಿದವರದೇ ಸಂಬಳ, ತಡವಾಗಿ ಕೈಸೇರುತ್ತದೆ ಅಷ್ಟೆ. ದಿನವಿಡೀ ಯಂತ್ರದ ಮುಂದೆ ಬಗ್ಗಿ ಕೂರುವ ಹೆಂಗಸು 58ರವರೆಗೆ ಅದೇ ಕೆಲಸದಲ್ಲಿ ಉಳಿಯುವುದು ಕಷ್ಟ. ಸೊಂಟ ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಅದಕ್ಕೂ ಮೊದಲೇ ಮನೆಯ ಜವಾಬ್ದಾರಿಗಳು ಎಳೆಯುತ್ತವೆ. ಅಂಥವಳಿಗೆ ಪಿಎಫ್ ಎಂದರೆ ಸಾಲ ತೀರಿಸುವ, ಮಗಳನ್ನು ಓದಿಸುವ ದುಡ್ಡು. ಆದರೆ ಅದೇ ದುಡಿಮೆಯಿಂದ ಹುಟ್ಟುವ ಇನ್ನೊಂದು ಹಕ್ಕೂ ಇದೆ, ತಿಂಗಳ ಪಿಂಚಣಿ. ಅದು ಕೈತಪ್ಪಿದಾಗ ಯಾರೂ ರಸ್ತೆಗೆ ಇಳಿಯುವುದಿಲ್ಲ. ಕೈತಪ್ಪಿದ್ದು ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ.

ನಾವು ಬಾಯಿಮಾತಿನಲ್ಲಿ ಪಿಎಫ್ ಅನ್ನುವುದರೊಳಗೆ ಎರಡು ಬೇರೆ ಬೇರೆ ಏರ್ಪಾಡುಗಳಿವೆ. ಒಂದು ಇಡುಗಂಟು, ನಿಮ್ಮ ಹೆಸರಿನಲ್ಲೇ ಬೆಳೆಯುವ ಮೊತ್ತ. ಇನ್ನೊಂದು, ಇಷ್ಟು ವರ್ಷ ದುಡಿದರೆ ಬದುಕಿರುವವರೆಗೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂಬ ಮಾತು. ಪಿಎಫ್, ಇಪಿಎಸ್, ಗ್ರಾಚ್ಯುಟಿ, ಎನ್‌ಪಿಎಸ್, ಆ್ಯನ್ಯುಟಿ, ಸೂಪರ್‌ಆ್ಯನ್ಯುಯೇಷನ್: ನಿವೃತ್ತಿ ಉಳಿತಾಯದ ಯಾವ ಪದ ಎದುರಾದರೂ ಇದು ಇಡುಗಂಟೋ ತಿಂಗಳ ಮಾತೋ ಎಂದು ಮೊದಲು ಕೇಳಿಕೊಂಡರೆ ಮುಕ್ಕಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಒಂದು ಪೇ ಸ್ಲಿಪ್ ಎದುರಿಗೆ ಇಟ್ಟುಕೊಳ್ಳೋಣ. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ. ಅದರಲ್ಲಿ ಶೇ 12, ಅಂದರೆ 1,440 ರೂಪಾಯಿ ಪಿಎಫ್ ಎಂದು ಹಿಡಿಯುತ್ತಾರೆ. ಕಂಪನಿಯೂ ಅಷ್ಟೇ, 1,440 ರೂಪಾಯಿ ಕಟ್ಟಬೇಕು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಕಂಪನಿಯ ಪಾಲು ಒಡೆಯುವ ಬಗೆ. ಸಂಬಳದ ಶೇ 8.33, ಅಂದರೆ 1,000 ರೂಪಾಯಿ, 1995ರ ನವೆಂಬರ್ 16ರಂದು ಶುರುವಾದ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. ಅದನ್ನೇ ಇಪಿಎಸ್, ಇಪಿಎಸ್-95 ಅನ್ನುವುದು. ಉಳಿದ 440 ರೂಪಾಯಿ ಮಾತ್ರ ನಿಮ್ಮ ಭವಿಷ್ಯನಿಧಿಗೆ, ಅಂದರೆ ಇಪಿಎಫ್‌ಗೆ ಸೇರುತ್ತದೆ. ಹಾಗಾಗಿ ತಿಂಗಳಿಗೆ ಇಡುಗಂಟಿಗೆ ಸೇರುವುದು ನಿಮ್ಮ 1,440 ಮತ್ತು ಕಂಪನಿಯ 440, ಒಟ್ಟು 1,880 ರೂಪಾಯಿ. ಪಿಂಚಣಿಗೆ ಹೋಗುವುದು 1,000. ಕೇಂದ್ರ ಸರ್ಕಾರ ತನ್ನ ಕಡೆಯಿಂದ ಸಂಬಳದ ಶೇ 1.16ರಷ್ಟನ್ನು ಪಿಂಚಣಿ ನಿಧಿಗೆ ಸೇರಿಸುತ್ತದೆ.

ಈಗ ಪಾಸ್‌ಬುಕ್ ತೆರೆಯಿರಿ. ನೌಕರರ ಪಾಲು, ಉದ್ಯೋಗದಾತರ ಪಾಲು, ಪಿಂಚಣಿ ಎಂದು ಮೂರು ಅಂಕಣಗಳಿವೆ. ವರ್ಷದ ಕೊನೆಯಲ್ಲಿ ಮೊದಲ ಎರಡಕ್ಕೆ ಬಡ್ಡಿ ಜಮೆಯಾಗುತ್ತದೆ. 2024-25ನೇ ಸಾಲಿಗೆ ಅದು ಶೇ 8.25 ಇತ್ತು. ಮೂರನೇ ಅಂಕಣಕ್ಕೆ ಒಂದು ಪೈಸೆಯೂ ಬಡ್ಡಿ ಬಂದಿರುವುದಿಲ್ಲ. 'ನನ್ನ ಪಿಂಚಣಿ ದುಡ್ಡಿನ ಬಡ್ಡಿ ಯಾರು ತಿಂದರು?' ಎಂದು ಜನ ಸಿಟ್ಟಾಗುವುದು ಇಲ್ಲೇ. ಯಾರೂ ತಿಂದಿಲ್ಲ. ಇಪಿಎಫ್ ನಿಮ್ಮ ಹೊಲದ ಬಾವಿ, ಇಪಿಎಸ್ ಊರ ಕೆರೆ. ಬಾವಿಯಲ್ಲಿ ಎಷ್ಟು ನೀರಿದೆಯೋ ಅಷ್ಟೂ ನಿಮ್ಮದು. ಕೆರೆಗೆ ಎಲ್ಲರ ಹಳ್ಳದ ನೀರೂ ಹರಿದು ಸೇರುತ್ತದೆ, ಯಾವ ನೀರು ಯಾರದು ಎಂದು ವಿಂಗಡಿಸಲಾಗದು. ಅಲ್ಲಿ ನಿಮಗಿರುವುದು ಸರದಿಯ ಹಕ್ಕು, ಆ ಹಕ್ಕನ್ನು ಅಳೆಯುವುದು ಒಂದು ಸೂತ್ರ. ಆ ಮೂರನೇ ಅಂಕಣದ ಮೊತ್ತಕ್ಕೂ ಮುಂದೆ ಬರುವ ಪಿಂಚಣಿಗೂ ನೇರ ಸಂಬಂಧವಿಲ್ಲ.

ಸೂತ್ರ ಸರಳವಾಗಿದೆ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಪಿಂಚಣಿಗೆ ಪರಿಗಣಿಸುವ ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳವೆಂದರೆ ಕೊನೆಯ 60 ತಿಂಗಳ ಸರಾಸರಿ. 12,000 ರೂಪಾಯಿಯವರು 10 ವರ್ಷ ದುಡಿದಿದ್ದರೆ 58ರಿಂದ ತಿಂಗಳಿಗೆ 1,714 ರೂಪಾಯಿ. 20 ವರ್ಷ ದುಡಿದವರಿಗೆ ಎರಡು ವರ್ಷದ ಬೋನಸ್ ಸೇರಿಸಿ 22 ವರ್ಷವೆಂದು ಲೆಕ್ಕ ಹಾಕುತ್ತಾರೆ, ಆಗ 3,771 ರೂಪಾಯಿ. ಸಂಬಳವಿಲ್ಲದ ರಜೆ ಹಾಕಿದ ದಿನಗಳು ಪಾಸ್‌ಬುಕ್‌ನಲ್ಲಿ ಎನ್‌ಸಿಪಿ ದಿನಗಳೆಂದು ದಾಖಲಾಗುತ್ತವೆ, ಅವು ಸೇವೆಯಿಂದ ಕಡಿತವಾಗುತ್ತವೆ. ಬೇಕೆಂದರೆ 50ರಿಂದಲೇ ಪಿಂಚಣಿ ಶುರುಮಾಡಿಸಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ 4ರಂತೆ ಮೊತ್ತ ಕಡಿತವಾಗುತ್ತದೆ, ಆ ಕಡಿತ ಜೀವನಪೂರ್ತಿ ಇರುತ್ತದೆ.

ಈ ಸೂತ್ರದ ಬಾಗಿಲು ತೆರೆಯುವುದು 10 ವರ್ಷದ ಸೇವೆಗೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇನ್ನೊಂದಿಲ್ಲ. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯುವುದರಿಂದ ಒಂಬತ್ತೂವರೆ ವರ್ಷ ದಾಟಿದವರಿಗೂ ಬಾಗಿಲು ತೆರೆಯುತ್ತದೆ. ಹತ್ತೂ ವರ್ಷ ಒಂದೇ ಕಾರ್ಖಾನೆಯಲ್ಲಿ ಇರಬೇಕೆಂದಿಲ್ಲ. ಪೀಣ್ಯದಲ್ಲಿ ಮೂರು ವರ್ಷ, ದೊಡ್ಡಬಳ್ಳಾಪುರದಲ್ಲಿ ನಾಲ್ಕು ವರ್ಷ, ಮದ್ದೂರಿನಲ್ಲಿ ಮೂರು ವರ್ಷ ದುಡಿದಿದ್ದರೂ ಸೇರಿಸಿ ಹತ್ತಾಗುತ್ತದೆ. ಕೂಡಿಸಿಟ್ಟಿದ್ದರೆ ಮಾತ್ರ.

ಆದರೆ ಕೆಲಸ ಬಿಟ್ಟಾಗ ನಡೆಯುವುದೇ ಬೇರೆ. ಎರಡು ತಿಂಗಳು ಕಾದು, ಕಾರ್ಖಾನೆ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ 'ಪಿಎಫ್ ಬಿಡಿಸಿಕೊಡಪ್ಪಾ' ಅನ್ನುತ್ತಾರೆ. ಅಲ್ಲಿ ಕೂತ ಹುಡುಗ ಎರಡು ಅರ್ಜಿ ಹಾಕುತ್ತಾನೆ. ಫಾರಂ 19 ಇಡುಗಂಟನ್ನು ಬಿಡಿಸಲು, ಫಾರಂ 10ಸಿ ಪಿಂಚಣಿ ಭಾಗವನ್ನು ಬಿಡಿಸಲು. ಎರಡನ್ನೂ ಹಾಕುವುದು ಅವನಿಗೆ ರೂಢಿ, ಇವರಿಗೂ ಒಟ್ಟಿಗೆ ಹೆಚ್ಚು ದುಡ್ಡು ಬಂತೆಂಬ ಸಮಾಧಾನ. 10ಸಿಯಲ್ಲಿ ಸಿಗುವುದು ಸುಮಾರಾಗಿ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ ಒಂದು ಮೊತ್ತ. 12,000 ಸಂಬಳದ ಮೂರು ವರ್ಷದ ಸೇವೆಗೆ 36 ಸಾವಿರದ ಆಸುಪಾಸು. ಅದು ಖಾತೆಗೆ ಬಿದ್ದ ಕ್ಷಣಕ್ಕೆ ಆ ಮೂರು ವರ್ಷದ ಸೇವೆ ಅಳಿಸಿಹೋಗುತ್ತದೆ. ಮುಂದಿನ ಕಾರ್ಖಾನೆಯಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹೀಗೆ ಮೂರು ಸಲ ಬಿಡಿಸಿಕೊಂಡ ಹೆಂಗಸು ಒಟ್ಟು ಹದಿನಾಲ್ಕು ವರ್ಷ ದುಡಿದಿದ್ದರೂ 58ಕ್ಕೆ ಪಿಂಚಣಿಯ ಪಟ್ಟಿಯಲ್ಲಿ ಇರುವುದಿಲ್ಲ. ಹಣದ ಅಗತ್ಯವಿದ್ದರೆ ಫಾರಂ 19 ಒಂದನ್ನೇ ಹಾಕಿ ಇಡುಗಂಟನ್ನು ಪಡೆಯಬಹುದು. ಪಿಂಚಣಿಯ ಕಡೆಗೆ ಸ್ಕೀಮ್ ಸರ್ಟಿಫಿಕೇಟ್ ಎಂಬ ಪತ್ರ ಕೇಳಬಹುದು, ಇಷ್ಟು ವರ್ಷದ ಸೇವೆ ಜಮೆಯಿದೆ ಎಂದು ಅದರಲ್ಲಿ ಬರೆದಿರುತ್ತದೆ. ಫಾರಂ 10ಸಿಯಲ್ಲೇ ಆ ಆಯ್ಕೆ ಇದೆ. ಇದನ್ನು ಪ್ರತಿ ಕಾರ್ಖಾನೆಯ ಗೇಟಿನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು ಅನ್ನಿಸುತ್ತದೆ ನನಗೆ.

ಕೆಲಸ ಬದಲಿಸಿದವರಿಗೆ ಸೇವೆ ಕೂಡಿಸಿಡುವ ದಾರಿ ಟ್ರಾನ್ಸ್‌ಫರ್. 2014ರಿಂದ ಬಂದಿರುವ ಯುಎಎನ್, ಅಂದರೆ 12 ಅಂಕಿಯ ಸಾರ್ವತ್ರಿಕ ಖಾತೆ ಸಂಖ್ಯೆ, ಇದಕ್ಕೆಂದೇ ಇರುವುದು. ಕಂಪನಿ ಬದಲಾದಂತೆ ಮೆಂಬರ್ ಐಡಿ ಬದಲಾಗುತ್ತದೆ, ಯುಎಎನ್ ಬದಲಾಗಬಾರದು. ಹೊಸ ಕಂಪನಿ ಸೇರುವಾಗ ಹಳೆಯ ಯುಎಎನ್ ಕೊಡದೆ ಹೋದರೆ ಇನ್ನೊಂದು ಹುಟ್ಟಿಕೊಂಡು ಸೇವೆ ಎರಡು ಹೋಳಾಗುತ್ತದೆ. ಇದರ ಜೊತೆಗೆ ನಮ್ಮ ಕಡೆಯ ಇನ್ಶಿಯಲ್ ತಾಪತ್ರಯ ಬೇರೆ. ಆಧಾರ್‌ನಲ್ಲಿ 'ಮಂಜುಳಾ ಕೆ', ಪಿಎಫ್ ದಾಖಲೆಯಲ್ಲಿ 'ಕೆ ಮಂಜುಳ', ಬ್ಯಾಂಕಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುವ ಮಂಜುಳಾ. ಕಂಪ್ಯೂಟರ್ ಮೂವರನ್ನೂ ಬೇರೆ ಬೇರೆ ಮನುಷ್ಯರೆಂದು ತಿಳಿಯುತ್ತದೆ, ಅರ್ಜಿ ತಿರಸ್ಕೃತವಾಗುತ್ತದೆ. ತಿದ್ದಿಸಲು ಬೇಕಾದ ಅರ್ಜಿಗೆ ಜಾಯಿಂಟ್ ಡಿಕ್ಲರೇಷನ್ ಎಂದು ಹೆಸರು, ಏಕೆಂದರೆ ನೌಕರರೂ ಕಂಪನಿಯೂ ಸೇರಿ ದೃಢೀಕರಿಸಬೇಕಿತ್ತು. ಈಗ ಆಧಾರ್‌ಗೆ ಜೋಡಣೆಯಾದ ಎಷ್ಟೋ ಖಾತೆಗಳಲ್ಲಿ ಆನ್‌ಲೈನ್‌ನಲ್ಲೇ ತಿದ್ದುಪಡಿ ಆಗುತ್ತದೆ. ಆದರೂ ಕೆಲಸದಲ್ಲಿರುವಾಗಲೇ, ಕಂಪನಿ ಕಣ್ಣೆದುರು ಇರುವಾಗಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಮುಚ್ಚಿಹೋದ ಕಾರ್ಖಾನೆಯ ಸಹಿಗಾಗಿ ಅಲೆಯುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಬ್ಯಾಲೆನ್ಸ್ ನೋಡಲು ಸ್ಮಾರ್ಟ್‌ಫೋನೂ ಬೇಕಿಲ್ಲ, ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜು ಬರುತ್ತದೆ.

ಇಡುಗಂಟಿನ ಬೆಳವಣಿಗೆಯನ್ನೂ ಒಮ್ಮೆ ನೋಡಬೇಕು. ತಿಂಗಳಿಗೆ 1,880 ರೂಪಾಯಿಯಂತೆ 10 ವರ್ಷ ಕಟ್ಟಿದರೆ ಅಸಲು 2,25,600 ರೂಪಾಯಿ. ಬಡ್ಡಿ ಶೇ 8.25ರಲ್ಲೇ ನಿಂತಿದೆ ಎಂದುಕೊಂಡರೆ ಕೈಗೆ ಬರುವುದು ಸುಮಾರು 3 ಲಕ್ಷ 43 ಸಾವಿರ. ಮುಟ್ಟದೆ ಬಿಟ್ಟಷ್ಟೂ ಬಡ್ಡಿಯ ಮೇಲಿನ ಬಡ್ಡಿ ಅಸಲನ್ನು ಹಿಂದಿಕ್ಕುತ್ತದೆ. 5 ವರ್ಷ ತುಂಬುವ ಮೊದಲೇ ಬಿಡಿಸಿದರೆ ಆದಾಯ ತೆರಿಗೆಯ ಲೆಕ್ಕವೂ ಬರುತ್ತದೆ. ಕೆಲಸದಲ್ಲಿರುವಾಗ ಕಾಯಿಲೆ, ಮದುವೆ, ಮನೆ, ಓದಿಗೆಂದು ಭಾಗಶಃ ತೆಗೆಯುವುದನ್ನು ಜನ ಪಿಎಫ್ ಲೋನ್ ಅನ್ನುತ್ತಾರೆ. ಕಚೇರಿಯ ಪದ ಅಡ್ವಾನ್ಸ್. ಅದನ್ನು ಮರಳಿ ಕಟ್ಟಬೇಕಾಗಿಲ್ಲ, ಹಾಗಾಗಿ ಅದು ಸಾಲವೇ ಅಲ್ಲ. ನಿಮ್ಮ ಮುಪ್ಪಿನ ದುಡ್ಡೇ ಮುಂಚೆ ಖರ್ಚಾಗಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿ ಸಂಘಟನೆಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಈ ನಿಯಮಗಳನ್ನು ಸಡಿಲಿಸುವ ತೀರ್ಮಾನ ಮಾಡಿತು. ಹದಿಮೂರು ಬಗೆಯ ಭಾಗಶಃ ವಾಪಸಾತಿಯನ್ನು ಮೂರಕ್ಕೆ ಇಳಿಸಿ, ಶೇ 25ರಷ್ಟನ್ನು ಖಾತೆಯಲ್ಲೇ ಉಳಿಸಬೇಕೆಂದಿತು. ಕೆಲಸ ಹೋದವರು ಪೂರ್ತಿ ಲೆಕ್ಕ ಚುಕ್ತಾ ಮಾಡಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿಂದ 12 ತಿಂಗಳಿಗೆ, ಪಿಂಚಣಿ ಭಾಗ ಬಿಡಿಸಲು 36 ತಿಂಗಳಿಗೆ ಏರಿಸಬೇಕೆಂದಿತು. ಪಿಂಚಣಿ ಭಾಗಕ್ಕೆ ಮೂರು ವರ್ಷದ ತಡೆ ಹಾಕುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ನಡೆ. ಸೇವೆ ಅಳಿಸಿಹೋಗುವುದು ಅದರಿಂದ ತಪ್ಪುತ್ತದೆ. ಇಡುಗಂಟಿನ ವಿಷಯದಲ್ಲಿ ಹಾಗೆ ಹೇಳಲಾರೆ. ಕೆಲಸ ಕಳೆದುಕೊಂಡ ಬಡವರಿಗೆ ತಮ್ಮ ಹಣದ ಕಾಲುಭಾಗಕ್ಕೆ ಒಂದು ವರ್ಷ ಕಾಯಿರಿ ಎನ್ನುವುದು 2016ರ ಏಪ್ರಿಲ್ ಕಲಿಸಿದ ಪಾಠಕ್ಕೆ ವಿರುದ್ಧ.

ಸಾಫ್ಟ್‌ವೇರ್ ಕಂಪನಿಗಳಲ್ಲಿರುವವರ ಕಥೆ ಬೇರೆ. ಪಿಎಫ್‌ಗೆ ಕಡ್ಡಾಯ ಸಂಬಳದ ಮಿತಿ 15,000 ರೂಪಾಯಿ, 2014ರ ಸೆಪ್ಟೆಂಬರ್ 1ಕ್ಕೆ ಮೊದಲು ಅದು 6,500 ಇತ್ತು. ಆ ದಿನದ ನಂತರ 15,000ಕ್ಕೂ ಹೆಚ್ಚಿನ ಸಂಬಳದಲ್ಲಿ ಹೊಸದಾಗಿ ಪಿಎಫ್ ಸೇರಿದವರು ಇಪಿಎಸ್‌ನಲ್ಲಿ ಇಲ್ಲವೇ ಇಲ್ಲ. ಅವರ ವಿಷಯದಲ್ಲಿ ಕಂಪನಿಯ ಪೂರ್ತಿ ಶೇ 12 ಇಡುಗಂಟಿಗೇ ಹೋಗಬೇಕು. ಅದಕ್ಕೂ ಮೊದಲಿನಿಂದ ಇದ್ದವರಿಗೆ ಸಂಬಳ ಲಕ್ಷವಿದ್ದರೂ ಪಿಂಚಣಿಗೆ ಹೋಗುವುದು 15,000ದ ಮೇಲಿನ 1,250 ರೂಪಾಯಿಯಷ್ಟೆ. ಬೋನಸ್ ಸೇರಿ 35 ವರ್ಷದ ಸೇವೆಗೆ ಸೂತ್ರ ಕೊಡುವುದು ತಿಂಗಳಿಗೆ 7,500 ರೂಪಾಯಿ. ಪೂರ್ಣ ಸಂಬಳದ ಮೇಲೆ ಕೊಡಿ ಎಂದು ನಡೆದ ಕಾನೂನು ಹೋರಾಟವೇ 'ಹೈಯರ್ ಪೆನ್ಷನ್' ಪ್ರಕರಣ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಅರ್ಹರಿಗೆ ಆಯ್ಕೆ ಸಲ್ಲಿಸಲು ಇನ್ನೊಂದು ಅವಕಾಶ ಒದಗಿಸಿತು. ಹೆಸರು ಹತ್ತಿರವಿದ್ದರೂ ಪಿಪಿಎಫ್ ಎಂಬುದು ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಅಂಚೆ ಕಚೇರಿ, ಬ್ಯಾಂಕಿನಲ್ಲಿ ಯಾರು ಬೇಕಾದರೂ ತೆರೆಯುವ 15 ವರ್ಷದ ಉಳಿತಾಯ ಖಾತೆ. ವಿಪಿಎಫ್ ಎಂದರೆ ಶೇ 12ರ ಮೇಲೆ ನೀವಾಗಿಯೇ ಇಪಿಎಫ್‌ಗೆ ಹೆಚ್ಚು ಕಟ್ಟುವುದು.

ಬೇಸಿಕ್ ಎಂಬ ಪದದ ಮೇಲೂ ಕಣ್ಣಿಡಬೇಕು. ಪಿಎಫ್, ಗ್ರಾಚ್ಯುಟಿ ಎರಡರ ಲೆಕ್ಕವೂ ಅದರ ಮೇಲೆ ನಿಂತಿದೆ. ಅದನ್ನು ಸಣ್ಣದು ಮಾಡಿ ಉಳಿದದ್ದನ್ನು ಬಗೆಬಗೆಯ ಭತ್ಯೆಗಳ ಹೆಸರಿನಲ್ಲಿ ತೋರಿಸುವುದು ಹಳೆಯ ಚಾಳಿ. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆ ಬೇಸಿಕ್‌ನ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಲೆಕ್ಕ ಹಿಡಿಯಬೇಕೆನ್ನುತ್ತವೆ.

ಗ್ರಾಚ್ಯುಟಿ ಪೂರ್ತಿ ಇಡುಗಂಟು, ಪೂರ್ತಿ ಮಾಲೀಕರ ಹೊಣೆ. ಅದಕ್ಕೆಂದು ನಿಮ್ಮ ಸಂಬಳದಲ್ಲಿ ಬಿಡಿಗಾಸೂ ಕಟಾವಾಗಬಾರದು. 1972ರ ಕಾಯ್ದೆ ಹಾಕಿಕೊಟ್ಟ ಲೆಕ್ಕ ಇದು: ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾವರ್ಷಗಳಿಂದ ಮತ್ತೆ ಗುಣಿಸಬೇಕು. 12,000 ಸಂಬಳ, ಏಳು ವರ್ಷದ ಸೇವೆಗೆ 48,461 ರೂಪಾಯಿ. ಇಲ್ಲಿಯ ಬಾಗಿಲು 5 ವರ್ಷ. ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಆ 5 ವರ್ಷದ ಷರತ್ತಿಲ್ಲ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ಗುತ್ತಿಗೆಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಈ ಹಕ್ಕು ಬರುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ರಾಜೀನಾಮೆ ಬರೆಸಿಕೊಂಡು, ವಾರ ಬಿಟ್ಟು ಮತ್ತೆ ಹೊಸಬರೆಂದು ಸೇರಿಸಿಕೊಳ್ಳುತ್ತೇವೆ ಅನ್ನುವ ಕಡೆ ಸಹಿ ಹಾಕುವ ಮುನ್ನ ಈ ಐದರ ಲೆಕ್ಕ ನೆನಪಿರಲಿ.

ಸರ್ಕಾರಿ ನೌಕರರ ಮನೆಗಳಲ್ಲಿ ಪದಗಳು ಬೇರೆ: ಡಿಸಿಆರ್‌ಜಿ, ಓಪಿಎಸ್, ಎನ್‌ಪಿಎಸ್. ಡಿಸಿಆರ್‌ಜಿ ಎಂದರೆ ಸರ್ಕಾರಿ ಗ್ರಾಚ್ಯುಟಿಯೇ. ಹಳೆಯ ಪಿಂಚಣಿ, ಅಂದರೆ ಓಪಿಎಸ್, ತಿಂಗಳ ಮಾತಿನ ಅತ್ಯಂತ ಗಟ್ಟಿ ರೂಪ. ಪೂರ್ಣ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ಮರಣದ ನಂತರ ಕುಟುಂಬ ಪಿಂಚಣಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಈ ಮಾತು ಇಲ್ಲವಾಯಿತು. ಬದಲಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಬಂತು. ನೌಕರರು ಶೇ 10 ಕಟ್ಟುತ್ತಾರೆ, ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ, ಹಣ ಷೇರು ಮತ್ತು ಸಾಲಪತ್ರಗಳಲ್ಲಿ ಬೆಳೆಯುತ್ತದೆ. ಖಾತೆಯ 12 ಅಂಕಿಯ ಸಂಖ್ಯೆಗೆ ಪ್ರಾನ್ ಎಂದು ಹೆಸರು. ಎಷ್ಟು ಬೆಳೆಯಿತೋ ಅಷ್ಟು, ಯಾರೂ ಖಾತರಿ ಕೊಡುವುದಿಲ್ಲ.

ಎನ್‌ಪಿಎಸ್‌ನಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದ ಪದ ಆ್ಯನ್ಯುಟಿ. 60 ತುಂಬಿದಾಗ ಸರ್ಕಾರಿ ನೌಕರರು ಇಡುಗಂಟಿನ ಶೇ 60ರಷ್ಟನ್ನು ಕೈಗೆ ಪಡೆಯಬಹುದು, ಉಳಿದ ಶೇ 40ನ್ನು ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಕೊಂಡುಕೊಳ್ಳಬೇಕು. ಆ ಕೊಂಡುಕೊಂಡ ಪಿಂಚಣಿಯೇ ಆ್ಯನ್ಯುಟಿ. 40 ಲಕ್ಷದ ಗಂಟಾಗಿದ್ದರೆ 16 ಲಕ್ಷ ಅದಕ್ಕೆ ಹೋಗುತ್ತದೆ. ಆ ದಿನದ ದರ ಶೇ 6 ಇದ್ದರೆ ವರ್ಷಕ್ಕೆ 96,000, ತಿಂಗಳಿಗೆ 8,000 ರೂಪಾಯಿ. ಸಾಮಾನ್ಯವಾಗಿ ಕೊಳ್ಳುವ ಬಗೆಯಲ್ಲಿ ಆ 8,000 ಇಪ್ಪತ್ತು ವರ್ಷ ಕಳೆದರೂ 8,000ವೇ, ಅದಕ್ಕೆ ತುಟ್ಟಿಭತ್ಯೆಯಿಲ್ಲ. ತೀರಿಕೊಂಡ ಮೇಲೆ ಅಸಲು ವಾರಸುದಾರರಿಗೆ ಮರಳಬೇಕೆಂದರೆ, ಸಂಗಾತಿಗೂ ಪಿಂಚಣಿ ಮುಂದುವರಿಯಬೇಕೆಂದರೆ ಆ ಬಗೆಯನ್ನೇ ಆರಿಸಬೇಕು, ಆಗ ತಿಂಗಳ ಮೊತ್ತ ಇನ್ನಷ್ಟು ಇಳಿಯುತ್ತದೆ. ಒಮ್ಮೆ ಕೊಂಡದ್ದನ್ನು ಬದಲಿಸಲು ಬರುವುದಿಲ್ಲವಾದ್ದರಿಂದ ಮನೆಮಂದಿ ಕೂತು ಯೋಚಿಸಿ ಗುರುತು ಹಾಕಬೇಕಾದ ಜಾಗ ಇದು. ಸರ್ಕಾರೇತರ ಚಂದಾದಾರರಿಗೆ ಈ ಕಡ್ಡಾಯ ಭಾಗವನ್ನು 2025ರ ಡಿಸೆಂಬರ್‌ನಲ್ಲಿ ಶೇ 20ಕ್ಕೆ ಇಳಿಸಲಾಗಿದೆ. ರಾಜ್ಯದ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಿದ್ದು ಹಳೆಯ ಪಿಂಚಣಿಗೂ ಎನ್‌ಪಿಎಸ್‌ಗೂ ನಡುವಿನ ಅಂತರದಿಂದಾಗಿ. 2006ಕ್ಕೆ ಮೊದಲೇ ಅಧಿಸೂಚನೆಯಾಗಿ ನೇಮಕ ತಡವಾದ ಸುಮಾರು 13,000 ಮಂದಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿ ಮರಳಿತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ತೆರೆದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಎಂಬ ಖಾತರಿ ಅದರಲ್ಲಿದೆ. ಖಾತರಿಯಿಲ್ಲದ ಪಿಂಚಣಿಯನ್ನು ನೌಕರರು ಒಪ್ಪಲಿಲ್ಲ, ಕೊನೆಗೆ ಸರ್ಕಾರ ಅರ್ಧ ದಾರಿ ಹಿಂದೆ ಬಂತು ಎಂದೇ ನಾನು ಇದನ್ನು ಓದುತ್ತೇನೆ.

ಸೂಪರ್‌ಆ್ಯನ್ಯುಯೇಷನ್ ಎಂಬ ಪದ ನಮ್ಮಲ್ಲಿ ಎರಡು ಕಡೆ ಸಿಗುತ್ತದೆ. ಸರ್ಕಾರಿ ಆದೇಶಗಳಲ್ಲಿ ಅದಕ್ಕೆ ವಯೋನಿವೃತ್ತಿ ಎಂದಷ್ಟೇ ಅರ್ಥ, ರಾಜ್ಯ ನೌಕರರಿಗೆ 60. ದೊಡ್ಡ ಖಾಸಗಿ ಕಂಪನಿಗಳ ಆಫರ್ ಲೆಟರ್‌ನಲ್ಲಿದ್ದರೆ, ಪಿಎಫ್ ಮತ್ತು ಗ್ರಾಚ್ಯುಟಿಯ ಮೇಲೆ ಕಂಪನಿ ತಾನಾಗಿಯೇ ಕಟ್ಟುವ ಮೂರನೆಯ ನಿಧಿ ಎಂದರ್ಥ, ರೂಢಿಯಲ್ಲಿ ಬೇಸಿಕ್‌ನ ಶೇ 15ರವರೆಗೆ. ನಿವೃತ್ತಿಯಾದಾಗ ಮೂರನೇ ಒಂದು ಭಾಗವನ್ನು ತೆರಿಗೆಯಿಲ್ಲದೆ ಒಟ್ಟಿಗೆ ಪಡೆಯಬಹುದು, ಹಾಗೆ ಪಡೆಯುವುದಕ್ಕೆ ಕಮ್ಯುಟೇಷನ್ ಎನ್ನುತ್ತಾರೆ. ಉಳಿದದ್ದಕ್ಕೆ ಆ್ಯನ್ಯುಟಿ ಕೊಳ್ಳಬೇಕು. ನಡುವೆ ಕೆಲಸ ಬಿಡುವವರು ಈ ನಿಧಿಯನ್ನು ಮರೆತೇಬಿಡುತ್ತಾರೆ, ಏಕೆಂದರೆ ಇದು ಪಿಎಫ್ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ.

ಮೆಲ್ಬರ್ನ್, ಸಿಡ್ನಿಯ ಕನ್ನಡಿಗರು 'ಸೂಪರ್' ಅನ್ನುವುದು ಆಸ್ಟ್ರೇಲಿಯಾದ ಕಡ್ಡಾಯ ವ್ಯವಸ್ಥೆಯನ್ನು. 1992ರಲ್ಲಿ ಸಂಬಳದ ಶೇ 3ರಿಂದ ಶುರುವಾದ ಮಾಲೀಕರ ಪಾಲು 2025ರ ಜುಲೈ 1ಕ್ಕೆ ಶೇ 12 ಮುಟ್ಟಿದೆ. ಅದು ನೌಕರರ ಹೆಸರಿನ ಇಡುಗಂಟು, ಸಾಮಾನ್ಯವಾಗಿ 60ರ ನಂತರ ನಿವೃತ್ತರಾದಾಗ ಕೈಗೆ ಬರುತ್ತದೆ. ತಾತ್ಕಾಲಿಕ ವೀಸಾದಲ್ಲಿ ಹೋಗಿ ಕೆಲವು ವರ್ಷ ದುಡಿದು ಊರಿಗೆ ಮರಳಿದ ನಮ್ಮ ಎಂಜಿನಿಯರುಗಳು, ನರ್ಸುಗಳು ಗಮನಿಸಬೇಕಾದ ವಿಷಯವೊಂದಿದೆ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಆ ಹಣವನ್ನು ಅರ್ಜಿ ಹಾಕಿ ವಾಪಸು ಪಡೆಯಬಹುದು. ಸಾಮಾನ್ಯವಾಗಿ ಶೇ 35 ತೆರಿಗೆ ಕಳೆದು ಕೊಡುತ್ತಾರೆ. ತೆರಿಗೆ ಹೆಚ್ಚೆಂಬುದು ನಿಜ, ಆದರೂ ಉಳಿದ ಹಣ ದುಡಿದವರದು.

ಪೇ ಸ್ಲಿಪ್ಪೇ ಇಲ್ಲದವರಿಗೆ, ಅಂದರೆ ಮನೆಗೆಲಸದವರು, ಗಾರೆ ಕೆಲಸದವರು, ತಳ್ಳುಗಾಡಿಯವರಿಗೆ, 2015ರ ಅಟಲ್ ಪಿಂಚಣಿ ಯೋಜನೆ ಇದೆ. 18ರಿಂದ 40 ವರ್ಷದೊಳಗೆ ಬ್ಯಾಂಕಿನಲ್ಲಿ ಸೇರಬೇಕು, ಆದಾಯ ತೆರಿಗೆ ಕಟ್ಟುವವರಿಗೆ ಅವಕಾಶವಿಲ್ಲ. 60ರ ನಂತರ ತಿಂಗಳಿಗೆ 5,000 ಬೇಕಿದ್ದರೆ 18ರಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಬೇಕು, 40ರಲ್ಲಿ ಸೇರಿದರೆ 1,454 ರೂಪಾಯಿ. ಮನೆಯಲ್ಲಿ ಕೆಲಸಕ್ಕೆ ಬರುವವರ ಮಗಳಿಗೆ ಹದಿನೆಂಟು ತುಂಬಿದ್ದರೆ ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಅವಳಿಗೆ ಹೇಳಿ.

ಕುಟುಂಬಕ್ಕೆ ಸಂಬಂಧಿಸಿದ ಪದಗಳನ್ನು ಜನ ಅಪಶಕುನವೆಂಬಂತೆ ದೂರವಿಡುತ್ತಾರೆ. ಪಿಎಫ್ ಸದಸ್ಯರೆಲ್ಲರಿಗೂ ಇಡಿಎಲ್‌ಐ ಎಂಬ ವಿಮೆ ಇದೆ. ಪ್ರೀಮಿಯಂ ಕಟ್ಟುವುದು ಕಂಪನಿ, ಸೇವೆಯಲ್ಲಿರುವಾಗ ಸಾವು ಬಂದರೆ ಕುಟುಂಬಕ್ಕೆ 7 ಲಕ್ಷದವರೆಗೆ ಸಿಗುತ್ತದೆ. ಇಪಿಎಸ್‌ಗೆ ಒಂದೇ ತಿಂಗಳು ಹಣ ಕಟ್ಟಿ ತೀರಿಕೊಂಡವರ ಹೆಂಡತಿ ಅಥವಾ ಗಂಡನಿಗೂ ಪಿಂಚಣಿ ಇದೆ. ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಅದರ ಕಾಲುಭಾಗದಂತೆ ಬೇರೆ ಬರುತ್ತದೆ. ಅಲ್ಲಿ ಹತ್ತು ವರ್ಷದ ಷರತ್ತಿಲ್ಲ. ಗಂಡ ಪಿಎಫ್ ಇದ್ದ ಕೆಲಸದಲ್ಲಿದ್ದು ತೀರಿಕೊಂಡಿದ್ದರೆ, ಇಡುಗಂಟು ಬಂದಾಯಿತು, ಲೆಕ್ಕ ಮುಗಿಯಿತು ಎಂದು ಸುಮ್ಮನಾದ ಮನೆಗಳು ಫಾರಂ 10ಡಿ ಹಾಕಿದ್ದೇವೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕು, ಪಿಂಚಣಿ ಕೇಳುವ ಅರ್ಜಿ ಅದು. ನಾಮಿನಿಯ ವಿಷಯವೂ ಹಾಗೆಯೇ. ಮದುವೆಗೆ ಮೊದಲು ಅಪ್ಪ, ಅಮ್ಮ ಅಥವಾ ತಮ್ಮನ ಹೆಸರು ಬರೆಸಿದ್ದರೆ ಮದುವೆಯಾದ ದಿನಕ್ಕೆ ಅದು ಅಸಿಂಧು. ಹೊಸದಾಗಿ ಬರೆಸಬೇಕು, ಈಗ ಆನ್‌ಲೈನ್‌ನಲ್ಲಿ ಆಗುತ್ತದೆ.

ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಇಪಿಎಸ್‌ನವರಿಗೆ ಅದು ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತದೆ, ನವೆಂಬರ್‌ಗೇ ಕಾಯಬೇಕಿಲ್ಲ. 2025ರ ಜನವರಿಯಿಂದ ಯಾವ ಊರಿನ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದಾಗಿದೆ, ಬೆಂಗಳೂರಿನಲ್ಲಿ ದುಡಿದು ಹುಣಸೂರಿಗೋ ಸಿಂಧನೂರಿಗೋ ಮರಳಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಬರುವ ಮೊತ್ತವನ್ನು ನೋಡಿದರೆ ನೋವಾಗುತ್ತದೆ. ಇಪಿಎಸ್‌ನ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದನ್ನು ನಿಗದಿ ಮಾಡಿದ್ದು 2014ರ ಸೆಪ್ಟೆಂಬರ್ 1ರಂದು, ತುಟ್ಟಿಭತ್ಯೆ ಅದಕ್ಕೆ ಜೋಡಿಸಿಲ್ಲ. ಕನಿಷ್ಠ 7,500 ರೂಪಾಯಿ ಮತ್ತು ತುಟ್ಟಿಭತ್ಯೆ ಕೊಡಿ ಎಂದು ಇಪಿಎಸ್-95 ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಸರ್ಕಾರ ಎಲ್ಲವನ್ನೂ ಒಂದೇ ಸಲ ಒಪ್ಪದಿದ್ದರೂ ತುಟ್ಟಿಭತ್ಯೆಯ ಮಾತನ್ನಾದರೂ ಮೊದಲು ಒಪ್ಪಬೇಕು.